ಗಂಡನ ಮನೆಗೆ ಪ್ರವಾಸಿ ವೀಸಾ

ಅಮೆರಿಕದ ಪ್ರವಾಸಿ ವೀಸಾ ಕೇಳುವವರು ತುಂಬಬೇಕಾದ ಡಿಎಸ್-160 ಅರ್ಜಿಯಲ್ಲಿ ಹತ್ತಾರು ಪುಟ ದಾಟಿದ ಮೇಲೆ ಒಂದು ಪ್ರಶ್ನೆ ಬರುತ್ತದೆ. ನಿಮ್ಮ ಪರವಾಗಿ ಯಾರಾದರೂ ಯಾವತ್ತಾದರೂ ವಲಸೆ ಅರ್ಜಿ ಹಾಕಿದ್ದಾರೆಯೇ? ಗಂಡ ಅಲ್ಲಿ ಗ್ರೀನ್ ಕಾರ್ಡ್ ಪಡೆದು, ಹೆಂಡತಿಯನ್ನು ಕರೆಸಿಕೊಳ್ಳಲು ಐ-130 ಅರ್ಜಿ ಹಾಕಿ, ಅದು ಸಾಲಿನಲ್ಲಿ ಕಾಯುತ್ತಿದ್ದರೆ ಇದಕ್ಕೆ ‘ಹೌದು’ ಎಂದೇ ಉತ್ತರ ಕೊಡಬೇಕು. ಕೊಟ್ಟರೆ, ಇವಳು ಹೋದವಳು ತಿರುಗಿ ಬರುವವಳಲ್ಲ ಎಂಬ ಅನುಮಾನಕ್ಕೆ ಅವಳೇ ಕೈಯಾರೆ ಸಾಕ್ಷಿ ಒದಗಿಸಿದಂತೆ. ‘ಇಲ್ಲ’ ಎಂದರೆ ಸುಳ್ಳು. ವೀಸಾಕ್ಕಾಗಿ ಸುಳ್ಳು ಹೇಳಿದವರಿಗೆ ಆ ದೇಶದ ಬಾಗಿಲು ಜೀವಮಾನವಿಡೀ ಮುಚ್ಚುವ ಕಲಮು ಅಲ್ಲಿನ ವಲಸೆ ಕಾನೂನಿನಲ್ಲಿದೆ. ಗಂಡನನ್ನು ಎರಡು ತಿಂಗಳು ನೋಡಿಕೊಂಡು ಬರಲು ಹೊರಟವಳು, ಗಂಡನ ಜೊತೆ ಬದುಕುವ ಅವಕಾಶವನ್ನೇ ಕಳೆದುಕೊಂಡುಬಿಡಬಹುದು.

ಈ ಪ್ರಶ್ನೆ ಈಗ ಬೆಂಗಳೂರು, ಮೈಸೂರಿನವರಿಗೆ ಮಾತ್ರ ಎದುರಾಗುವಂಥದ್ದಲ್ಲ. ಮಾರಿಕಣಿವೆ ಜಲಾಶಯದ ನಾಲೆ ನೀರಿನಲ್ಲಿ ತೆಂಗು, ಅಡಿಕೆ ಬೆಳೆದ ಹಿರಿಯೂರಿನ ಮನೆಗಳು, ದಾಳಿಂಬೆಯಲ್ಲಿ ಒಂದಷ್ಟು ಕಾಸು ಕಂಡ ಹೊಸದುರ್ಗದ ಮನೆಗಳು, ಹೊಳಲ್ಕೆರೆಯ ತೋಟದ ಮನೆಗಳು ಮಕ್ಕಳನ್ನು ಚಿತ್ರದುರ್ಗ, ದಾವಣಗೆರೆಯ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಓದಿಸಿದವು. ಅಲ್ಲಿಂದ ಬೆಂಗಳೂರು, ಬೆಂಗಳೂರಿನಿಂದ ನ್ಯೂಜೆರ್ಸಿ, ಡಲ್ಲಾಸ್, ಟೊರಾಂಟೊ. ಹುಡುಗ ಮೂರು ವಾರದ ರಜೆ ಹಾಕಿ ಬರುತ್ತಾನೆ. ಕಲ್ಯಾಣಮಂಟಪದಲ್ಲಿ ಮದುವೆ, ಮನೆದೇವರ ದರ್ಶನ, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ. ರಜೆ ಮುಗಿದ ದಿನ ದೇವನಹಳ್ಳಿಯ ವಿಮಾನ ನಿಲ್ದಾಣದವರೆಗೆ ಎಲ್ಲರೂ ಟೆಂಪೊ ಟ್ರಾವೆಲರ್ ಮಾಡಿಕೊಂಡು ಹೋಗಿ ಬೀಳ್ಕೊಟ್ಟು ಬರುತ್ತಾರೆ. ಹುಡುಗಿ ಅತ್ತೆ ಮಾವನ ಜೊತೆ ವಾಪಸು ಬರುತ್ತಾಳೆ. ಆಷಾಢಕ್ಕೆ ತವರಿಗೆ ಹೋದ ಹೊಸ ಸೊಸೆಯನ್ನು ಶ್ರಾವಣಕ್ಕೆ ಕರೆದುಕೊಂಡು ಬರುವುದು ನಮ್ಮ ಕಡೆಯ ರೂಢಿ. ಈ ಹುಡುಗಿಯರಿಗೆ ಎರಡು, ಮೂರು ಆಷಾಢ ಕಳೆದರೂ ಗಂಡನ ಮುಖ ಫೋನಿನಲ್ಲೇ. ಮದುವೆ, ನಾಮಕರಣ ಎಲ್ಲಿ ಹೋದರೂ ಕೇಳುವವರದು ಒಂದೇ ಮಾತು: “ಯಾವಾಗ್ ಕರ್ಕಂಡ್ ಹೋಗ್ತಾನಂತೆ ತಾಯಿ?”

ಕೇಳುವವರಿಗೆ ಗೊತ್ತಿಲ್ಲದ್ದು ಏನೆಂದರೆ, ಕರೆದುಕೊಂಡು ಹೋಗುವುದು ಹುಡುಗನ ಕೈಯಲ್ಲಿಲ್ಲ. ಅದರಲ್ಲೂ ಗ್ರೀನ್ ಕಾರ್ಡ್ ಇದ್ದವನ ಕೈಯಲ್ಲಿಲ್ಲ. ಹೆಣ್ಣು ಕೊಡುವವರು ಗ್ರೀನ್ ಕಾರ್ಡ್ ಇದೆ ಎಂದ ಕೂಡಲೇ ಮದುವೆ ಗಟ್ಟಿ ಮಾಡಿಬಿಡುತ್ತಾರೆ. ಕಾನೂನಿನ ಲೆಕ್ಕ ಬೇರೆಯೇ ಇದೆ. ತಾತ್ಕಾಲಿಕ ಕೆಲಸದ ಎಚ್-1ಬಿ ವೀಸಾದಲ್ಲಿರುವ ಹುಡುಗನ ಹೆಂಡತಿಗೆ ಎಚ್-4 ಎಂಬ ಅವಲಂಬಿತ ವೀಸಾ ಇದೆ. ಮದುವೆಯಾದ ಕೆಲವೇ ತಿಂಗಳಲ್ಲಿ ಅವಳು ಹೋಗಬಹುದು. ಗ್ರೀನ್ ಕಾರ್ಡ್ ಕೈಗೆ ಬಂದ ಮೇಲೆ ಮದುವೆಯಾದವನ ಹೆಂಡತಿ ಮಾತ್ರ ಎಫ್2ಎ ಎಂಬ ವಲಸೆ ಸಾಲಿನಲ್ಲಿ ನಿಲ್ಲಬೇಕು. 2019ರ ಜುಲೈನಿಂದ 2023ರ ಮಾರ್ಚ್‌ವರೆಗೆ ಆ ಸಾಲು ಬಹುಮಟ್ಟಿಗೆ ತೆರವಾಗಿತ್ತು. 2023ರ ಏಪ್ರಿಲ್‌ನಿಂದ ಮತ್ತೆ ಬೆಳೆಯಿತು. ಗ್ರೀನ್ ಕಾರ್ಡ್ ಮಂಜೂರಾಗುವ ಮುಂಚೆಯೇ ಮದುವೆಯಾಗಿದ್ದರೆ ಹೆಂಡತಿ ಅದೇ ಅರ್ಜಿಯ ಬೆನ್ನಿಗೆ ಹೋಗಬಹುದು. ಇದು ತಿಳಿದವರು ಆಷಾಢ, ಪುಷ್ಯಮಾಸ ಎನ್ನದೆ ಮುಹೂರ್ತ ಹಿಂದಕ್ಕೆ ತಂದು ನೋಂದಣಿ ಮಾಡಿಸಿಬಿಡುತ್ತಾರೆ. ತಿಳಿಯದವರು ‘ಕಾರ್ಡ್ ಬರಲಿ, ಆಮೇಲೆ ಮಾಡೋಣ’ ಎಂದು ಕಾದು, ಮಗಳಿಗೆ ವರ್ಷಗಟ್ಟಲೆ ಕಾಯುವಿಕೆ ತಂದಿಡುತ್ತಾರೆ.

ಈ ನೋವು ಅಮೆರಿಕದ ಸಂಸತ್ತಿಗೂ ಹಿಂದೊಮ್ಮೆ ಮುಟ್ಟಿತ್ತು. 2000ದ ಡಿಸೆಂಬರ್ 21ರಂದು ಸಹಿ ಬಿದ್ದ ಲೈಫ್ ಕಾಯ್ದೆಯಲ್ಲಿ ‘ವಿ’ ವೀಸಾ ಎಂಬ ಹೊಸದೊಂದನ್ನು ತಂದರು. ಗ್ರೀನ್ ಕಾರ್ಡ್ ಇರುವವರ ಹೆಂಡತಿ ಅಥವಾ ಗಂಡ ಕನಿಷ್ಠ ಮೂರು ವರ್ಷ ಕಾದಿದ್ದರೆ ಉಳಿದ ಕಾಯುವಿಕೆಯನ್ನು ಅಮೆರಿಕದಲ್ಲೇ, ಸಂಗಾತಿಯ ಜೊತೆಯಲ್ಲೇ ಕಳೆಯಬಹುದು ಎಂಬುದು ಅದರ ತಿರುಳು. ಆದರೆ ಆ ದಿನದವರೆಗೆ ಅರ್ಜಿ ಹಾಕಿದ್ದವರಿಗೆ ಮಾತ್ರ ಅದು ಅನ್ವಯವಾಯಿತು. ನಂತರ ಬಂದವರಿಗೆ ಅಂಥ ದಯೆ ಸಿಗಲಿಲ್ಲ. ಅವರಿಗೆ ಉಳಿದಿರುವುದು ಬಿ-2 ಪ್ರವಾಸಿ ವೀಸಾ ಒಂದೇ. ಅದರ ಬಾಗಿಲಲ್ಲಿ 1952ರ ವಲಸೆ ಕಾಯ್ದೆಯ 214(ಬಿ) ಸೆಕ್ಷನ್ ನಿಂತಿದೆ. ವೀಸಾ ಕೇಳಿ ಬಂದ ಪ್ರತಿಯೊಬ್ಬರೂ ವಲಸೆ ಬರುವವರೇ ಎಂದು ಅಧಿಕಾರಿ ಮೊದಲೇ ಭಾವಿಸಿಕೊಳ್ಳಬೇಕು, ಅಲ್ಲವೆಂದು ತೋರಿಸಿಕೊಡುವ ಹೊಣೆ ಕೇಳುವವರದು ಎನ್ನುತ್ತದೆ ಅದು. ಎಚ್-1ಬಿ, ಎಲ್ ವೀಸಾದವರಿಗೆ ಈ ಭಾವನೆಯಿಂದ ವಿನಾಯಿತಿ ಇದೆ. ಗಂಡನನ್ನು ನೋಡಲು ಹೊರಟ ಹೆಂಡತಿಗೆ ಇಲ್ಲ.

ಕೆನಡಾದ ಕಾನೂನು ಈ ವಿಷಯದಲ್ಲಿ ಹೆಚ್ಚು ಮನುಷ್ಯತ್ವದ್ದು. ಅಲ್ಲಿನ ವಲಸೆ ಮತ್ತು ನಿರಾಶ್ರಿತರ ರಕ್ಷಣಾ ಕಾಯ್ದೆಯ 22(2) ಸೆಕ್ಷನ್ ಪ್ರಕಾರ, ಮುಂದೆ ಅಲ್ಲೇ ನೆಲೆಸುವ ಆಸೆ ಇದೆ ಎಂಬ ಕಾರಣಕ್ಕೆ ಈಗ ತಾತ್ಕಾಲಿಕವಾಗಿ ಬಂದು ಹೋಗುವುದನ್ನು ತಡೆಯುವಂತಿಲ್ಲ. ಅವಧಿ ಮುಗಿದಾಗ ದೇಶ ಬಿಟ್ಟು ಹೋಗುತ್ತಾರೆ ಎಂದು ಅಧಿಕಾರಿಗೆ ಮನವರಿಕೆಯಾದರೆ ಸಾಕು. ಎರಡೂ ಉದ್ದೇಶ ಒಟ್ಟಿಗೆ ಇರಬಹುದು ಎಂದು ಕಾನೂನೇ ಒಪ್ಪಿದೆ. ಹಾಗಿದ್ದೂ ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಬರುವ ನಿರಾಕರಣೆ ಪತ್ರ ಓದಿದರೆ ಹೊಟ್ಟೆ ತೊಳಸುತ್ತದೆ. ಅವಧಿ ಮುಗಿದ ಮೇಲೆ ನೀವು ಕೆನಡಾ ಬಿಟ್ಟು ಹೋಗುತ್ತೀರೆಂಬ ನಂಬಿಕೆ ನನಗಿಲ್ಲ, ಕಾರಣ ಕೆನಡಾದಲ್ಲಿರುವ ನಿಮ್ಮ ಕೌಟುಂಬಿಕ ಸಂಬಂಧ, ಎಂಬ ಅರ್ಥದ ಸಾಲು ಅದರಲ್ಲಿರುತ್ತದೆ. ಯಾರನ್ನು ನೋಡಲು ಹೋಗಬೇಕೋ ಅವನಿದ್ದಾನೆ ಎಂಬುದೇ ಹೋಗಬಾರದೆಂಬುದಕ್ಕೆ ಕಾರಣವಾಗುತ್ತದೆ.

ಹಿರಿಯೂರಿನಲ್ಲಿ ಕೋರ್ಟಿನ ಹತ್ತಿರ ಟೈಪಿಂಗ್, ಜೆರಾಕ್ಸ್, ನೋಟರಿ ಎಲ್ಲ ಒಂದೇ ಕಡೆ ಆಗುವ ಅಂಗಡಿಯೊಂದರಲ್ಲಿ ಹೋದ ಬೇಸಿಗೆಯಲ್ಲಿ ಇಂಥ ಒಂದು ಅರ್ಜಿ ತಯಾರಾಗುವುದನ್ನು ಕೂತು ನೋಡಿದೆ. ಹೊಸದುರ್ಗ ಕಡೆಯ ಹಳ್ಳಿಯಿಂದ ಮದುವೆಯಾಗಿ ಬಂದ ಹುಡುಗಿ. ಎಂ.ಎಸ್ಸಿ. ಓದಿದವಳು. ಜೊತೆಗೆ ಅತ್ತೆ. ಪ್ಲಾಸ್ಟಿಕ್ ಕವರಿನಿಂದ ಒಂದೊಂದೇ ಕಾಗದ ತೆಗೆದು ಮೇಜಿನ ಮೇಲೆ ಇಟ್ಟಳು. ಮದುವೆ ನೋಂದಣಿ ಪತ್ರ, ಲಗ್ನಪತ್ರಿಕೆ, ಮದುವೆಯ ಫೋಟೊಗಳು, ಪಾಸ್‌ಬುಕ್, ಗಂಡನ ಸಂಬಳದ ಚೀಟಿ, ಅವನು ಬರೆದ ಆಹ್ವಾನ ಪತ್ರ. ಕೊನೆಗೆ ಮೂರು ಪಹಣಿ. ‘ಸ್ವದೇಶದಲ್ಲಿ ನಿಮಗಿರುವ ಆಸ್ತಿಪಾಸ್ತಿಯ ದಾಖಲೆ ಇದ್ದರೆ ಒಳ್ಳೆಯದು’ ಎಂದು ಯಾರೋ ಹೇಳಿದ್ದರಂತೆ. ಟೈಪಿಂಗ್ ಮಾಡುವವರು ಕನ್ನಡಕ ಏರಿಸಿಕೊಂಡು ಪಹಣಿ ಓದತೊಡಗಿದರು. ಸರ್ವೆ ನಂಬರು, ಹಿಸ್ಸಾ, ಎಕರೆ, ಗುಂಟೆ. ಖುಷ್ಕಿ ಎಷ್ಟು, ಬಾಗಾಯ್ತು ಎಷ್ಟು. ಒಂಬತ್ತನೇ ಕಾಲಂಗೆ ಬಂದು ನಿಂತರು.

“ಇದ್ರಾಗೆ ನಿಮ್ ಹೆಸ್ರು ಎಲ್ಲೈತಮ್ಮ?”

“ನಮ್ಮ ಮಾವಂದು ಸಾರ್ ಜಮೀನು.”

“ಮಾವಂದೂ ಅಲ್ವಲ್ಲಮ್ಮ. ಇವ್ರು ಯಾರು?”

ಅತ್ತೆ ಬಾಯಿ ಹಾಕಿದರು: “ನಮ್ಮ ಮಾವನೋರದು. ತೀರ್ಕಂಡು ಹದಿನೈದ್ ವರ್ಷ ಆತು. ಪೌತಿ ಖಾತೆ ಆಗಿಲ್ಲ. ಮೈದುನ್ರು ಸೈನ್ ಹಾಕಿಲ್ಲ.”

ಎರಡನೆಯದು ಹುಡುಗಿಯ ತವರಿನ ಪಹಣಿ. ಅದರಲ್ಲಿ ಅವಳ ಅಪ್ಪ ಮತ್ತು ಚಿಕ್ಕಪ್ಪನ ಹೆಸರು ಜಂಟಿಯಾಗಿತ್ತು, ಹನ್ನೊಂದನೇ ಕಾಲಂನಲ್ಲಿ ಸೊಸೈಟಿ ಸಾಲ. ಮೂರನೆಯದರಲ್ಲಿ ಅವಳ ಅಣ್ಣನ ಹೆಸರು. ಮೂರೂ ಹಾಳೆ ಹುಡುಕಿದರೂ ಈ ಹುಡುಗಿಗೆ ಈ ನೆಲದಲ್ಲಿ ಏನಾದರೂ ಇದೆ ಎಂದು ಹೇಳುವ ಒಂದು ಅಕ್ಷರ ಸಿಗಲಿಲ್ಲ. ಕೆಲಸದ ಪತ್ರ ಇದೆಯಾ ಎಂದು ಕೇಳಿದರು. ಪಿಯು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದಳು, ನಿಶ್ಚಿತಾರ್ಥ ಆದ ವಾರವೇ ಬಿಟ್ಟಳು. ಹೇಗೂ ಹೊರಟು ಹೋಗುವವಳಲ್ಲವೇ ಎಂದು ಎರಡೂ ಮನೆಯವರು ಸೇರಿ ಬಿಡಿಸಿದರು.

ನನ್ನ ಮಟ್ಟಿಗೆ ಈ ವಿಷಯದ ಒಡಲು ಇರುವುದು ಇಲ್ಲೇ. ವೀಸಾ ಕೊಡುವವರು ಹೆಂಡತಿಯನ್ನು ನಂಬುವುದಿಲ್ಲ ಎಂದು ನಾವು ಸಿಟ್ಟಾಗುತ್ತೇವೆ. ಸಿಟ್ಟಿಗೆ ಕಾರಣವೂ ಇದೆ. ಆದರೆ ಅವರು ಕೇಳುತ್ತಿರುವುದು, ನಿನ್ನನ್ನು ಮರಳಿ ಕರೆಯುವಂಥದ್ದು ನಿನ್ನ ಊರಿನಲ್ಲಿ ಏನಿದೆ ಎಂದು. ಆ ಪ್ರಶ್ನೆಗೆ ಕೊಡಲು ನಾವು ಅವಳ ಕೈಯಲ್ಲಿ ಏನನ್ನೂ ಉಳಿಸಿಲ್ಲ. ತವರಿನಲ್ಲಿ ಅವಳು ಕೊಟ್ಟ ಹೆಣ್ಣು, ಗಂಡನ ಮನೆಯಲ್ಲಿ ಹೋಗಲಿರುವ ಸೊಸೆ. ಎರಡೂ ಕಡೆ ಅವಳದ್ದೆಂಬುದು ಕಾಗದದ ಮೇಲೆ ಇಲ್ಲ. ಇದ್ದ ಒಂದು ನೌಕರಿಯನ್ನೂ ನಾವೇ ಬಿಡಿಸಿದ್ದೇವೆ.

ಕಾನೂನು ಅವಳಿಗೆ ಕೊಟ್ಟಿಲ್ಲ ಎಂದೇನೂ ಅಲ್ಲ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಪಾಲು ಎಂದು ಇಡೀ ದೇಶಕ್ಕಿಂತ ಮೊದಲು ಹೇಳಿದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ನಮ್ಮ ರಾಜ್ಯ ತಂದ ತಿದ್ದುಪಡಿ 1994ರ ಜುಲೈನಲ್ಲೇ ಜಾರಿಗೆ ಬಂತು. 2005ರಲ್ಲಿ ಕೇಂದ್ರದ ಕಾನೂನೂ ಅದೇ ದಾರಿಗೆ ಬಂತು. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಮಗಳಿಗೆ ಆ ಹಕ್ಕು ಹುಟ್ಟಿನಿಂದಲೇ ಬರುತ್ತದೆ, 2005ರಲ್ಲಿ ತಂದೆ ಬದುಕಿದ್ದರೋ ಇಲ್ಲವೋ ಎಂಬುದು ಮುಖ್ಯವಲ್ಲ ಎಂದು ಸ್ಪಷ್ಟಪಡಿಸಿತು. ಇಷ್ಟೆಲ್ಲ ಆಗಿಯೂ, ಪಾಲುಪಾರಿಕತ್ತಿನ ದಿನ ಹೆಣ್ಣುಮಕ್ಕಳನ್ನು ಕರೆಸಿ, ಸೀರೆ ಕುಪ್ಪಸ ಕೊಟ್ಟು, ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವುದು ನಮ್ಮ ತಾಲ್ಲೂಕುಗಳಲ್ಲಿ ನಿಂತಿಲ್ಲ. ಮಗಳ ಮದುವೆಗೆ ಲಕ್ಷಗಟ್ಟಲೆ ಸುರಿಯುವ ಅಪ್ಪ, ಒಂದು ಎಕರೆಯ ಪಹಣಿಯಲ್ಲಿ ಅವಳ ಹೆಸರು ಸೇರಿಸಿದ್ದರೆ ಆ ಒಂದು ಹಾಳೆ ವೀಸಾ ಅಧಿಕಾರಿಯ ಮುಂದೆಯೂ, ಆಮೇಲಿನ ಬದುಕಿನಲ್ಲೂ ಅವಳ ಪರವಾಗಿ ಮಾತಾಡುತ್ತಿತ್ತು. ಪಹಣಿ ಇದ್ದ ಮಾತ್ರಕ್ಕೆ ವೀಸಾ ಸಿಗುತ್ತದೆ ಎಂದು ನಾನು ಹೇಳುತ್ತಿಲ್ಲ. ಹಾಗೆ ಯಾವ ಒಂದು ಕಾಗದದಿಂದಲೂ ಸಿಗುವುದಿಲ್ಲ. ಅವಳು ಯಾರು, ಅವಳಿಗೆ ಇಲ್ಲಿ ಏನಿದೆ ಎಂದು ಹೇಳುವ ನಾಲ್ಕು ಕಾಗದಗಳಲ್ಲಿ ಅದೂ ಒಂದಾಗುತ್ತಿತ್ತು.

ಈ ಸೀಮೆಯ ದೊಡ್ಡ ಆಸ್ತಿ ಒಬ್ಬ ಹೆಣ್ಣುಮಗಳ ಹೆಸರಿನಲ್ಲಿದೆ ಎಂಬುದು ಇಲ್ಲಿ ನೆನಪಾಗುತ್ತದೆ. ಮೈಸೂರಿನ ಹತ್ತನೇ ಚಾಮರಾಜೇಂದ್ರ ಒಡೆಯರ್ 1894ರ ಡಿಸೆಂಬರಿನಲ್ಲಿ ಕಲ್ಕತ್ತಕ್ಕೆ ಹೋದವರು ಅಲ್ಲೇ ತೀರಿಕೊಂಡರು. ಮಗ ಇನ್ನೂ ಚಿಕ್ಕವನಾದ್ದರಿಂದ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನ 1895ರಿಂದ 1902ರವರೆಗೆ ರಾಜ್ಯಭಾರ ನಡೆಸಿದರು. ಅವರ ಕಾಲದಲ್ಲಿ, 1898ರಲ್ಲಿ ವೇದಾವತಿಗೆ ಅಡ್ಡಲಾಗಿ ಮಾರಿಕಣಿವೆಯ ಕಟ್ಟೆ ಕೆಲಸ ಶುರುವಾಗಿ 1907ರಲ್ಲಿ ಮುಗಿಯಿತು. 30 ಟಿಎಂಸಿ ನೀರು ಹಿಡಿಯುವ ಜಲಾಶಯಕ್ಕೆ ವಾಣಿವಿಲಾಸ ಸಾಗರ ಎಂದೇ ಹೆಸರು. ಗಂಡ ದೂರದೂರಿನಲ್ಲಿ ಇಲ್ಲವಾದ ಮೇಲೆ ಮಗನ ಪರವಾಗಿ ತಾನೇ ರಾಜ್ಯ ನಡೆಸಿದ ಹೆಂಗಸಿನ ನೀರು ಕುಡಿದು ತೋಟ ಮಾಡಿದ ಸೀಮೆಯಿದು. ಅದೇ ತೋಟದ ಪಹಣಿಯಲ್ಲಿ ಮಗಳ ಹೆಸರು ಬರೆಸಲು ನಮಗೆ ಕೈ ಬರುವುದಿಲ್ಲ.

ಆ ಕಟ್ಟೆ ಮುಗಿದ ಮರುವರ್ಷ, 1908ರಲ್ಲಿ, ಕೆನಡಾ ಸರ್ಕಾರ ಒಂದು ನಿಯಮ ತಂತು. ಸ್ವದೇಶದಿಂದ ನಡುವೆ ಎಲ್ಲೂ ಹಡಗು ಬದಲಿಸದೆ ನೇರವಾಗಿ ಬಂದವರಿಗಷ್ಟೇ ಪ್ರವೇಶ. ಭಾರತದಿಂದ ಹಾಗೆ ನೇರ ಪ್ರಯಾಣ ಸಾಧ್ಯವೇ ಇರಲಿಲ್ಲ. ಭಾರತೀಯರನ್ನು ತಡೆಯುವುದೇ ನಿಯಮದ ಉದ್ದೇಶವಾಗಿತ್ತು. ಮೊದಲೇ ಹೋಗಿ ಮರದ ಮಿಲ್ಲುಗಳಲ್ಲಿ ದುಡಿಯುತ್ತಿದ್ದ ಪಂಜಾಬಿನ ಗಂಡಸರು ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಲಾಗದೆ ಒಂಟಿಯಾಗಿ ಉಳಿದರು. 1914ರಲ್ಲಿ ಕೊಮಗಾಟ ಮಾರು ಹಡಗನ್ನು ವ್ಯಾಂಕೂವರ್ ಬಂದರಿನಿಂದ ತಿರುಗಿಸಿ ಕಳಿಸಿದ್ದು ಇದೇ ನಿಯಮದ ಬಲದಿಂದ. ಹೆಂಡತಿ ಮತ್ತು ಚಿಕ್ಕ ಮಕ್ಕಳಿಗೆ ಬಾಗಿಲು ತೆರೆದದ್ದು 1919ರಲ್ಲಿ. ಗಂಡಸಿನ ದುಡಿಮೆ ಬೇಕು, ಅವನ ಸಂಸಾರ ಬೇಡ ಎನ್ನುವ ಮನಸ್ಸು ಅಷ್ಟು ಹಳೆಯದು.

ಆ ಮನಸ್ಸು ಈಗ ಬೇರೆ ಬೇರೆ ಬಣ್ಣದಲ್ಲಿ ಮರಳುತ್ತಿದೆ. 2024ರ ಜನವರಿಯಿಂದ ಬ್ರಿಟನ್ನಿಗೆ ಓದಲು ಹೋಗುವವರಲ್ಲಿ ಸಂಶೋಧನಾ ಕೋರ್ಸಿನವರನ್ನೂ ಸರ್ಕಾರಿ ವಿದ್ಯಾರ್ಥಿವೇತನದವರನ್ನೂ ಬಿಟ್ಟು ಉಳಿದವರು ಗಂಡ ಅಥವಾ ಹೆಂಡತಿಯನ್ನು ಕರೆದೊಯ್ಯುವಂತಿಲ್ಲ. ಅಲ್ಲಿ ನೆಲೆಸಿದವನು ಹೆಂಡತಿಯನ್ನು ಕರೆಸಿಕೊಳ್ಳಬೇಕಾದರೆ ವರ್ಷಕ್ಕೆ 18,600 ಪೌಂಡ್ ಆದಾಯ ಇರಬೇಕಿತ್ತು. 2024ರ ಏಪ್ರಿಲ್ 11ರಿಂದ ಅದು 29,000 ಪೌಂಡ್ ಆಯಿತು. ಕೆನಡಾದಲ್ಲಿ ಡಿಪ್ಲೊಮಾ ಓದುವವನ ಹೆಂಡತಿಗೂ ಮೊದಲು ಕೆಲಸದ ಪರವಾನಗಿ ಸಿಗುತ್ತಿತ್ತು. 2024ರ ಮಾರ್ಚ್‌ನಲ್ಲಿ ಅದನ್ನು ಹೆಚ್ಚಿನ ಪದವಿಯವರಿಗೆ ಸೀಮಿತಗೊಳಿಸಿ, 2025ರ ಜನವರಿಯಲ್ಲಿ ಇನ್ನಷ್ಟು ಬಿಗಿ ಮಾಡಿದರು. ಹೀಗೆ ಜೊತೆಯಲ್ಲಿ ಹೋಗುವ ದಾರಿಗಳು ಕಿರಿದಾದಷ್ಟೂ, ಹೋಗಿ ನೋಡಿಕೊಂಡು ಬರುವ ಪ್ರವಾಸಿ ವೀಸಾದ ಮೇಲೆ ಇಡೀ ದಾಂಪತ್ಯದ ಭಾರ ಬೀಳುತ್ತಿದೆ.

ಅದೇ ಕೆನಡಾ ಇನ್ನೊಂದನ್ನೂ ಮಾಡಿ ತೋರಿಸಿತು. 2023ರ ಮೇ ತಿಂಗಳಲ್ಲಿ ಅಲ್ಲಿನ ವಲಸೆ ಇಲಾಖೆ, ಸಂಗಾತಿಯ ಶಾಶ್ವತ ವಾಸದ ಅರ್ಜಿ ಬಾಕಿ ಇರುವವರು ಪ್ರವಾಸಿ ವೀಸಾ ಕೇಳಿದರೆ ಅದನ್ನು ಬೇರೆಯಾಗಿ, ಅವರ ಪರಿಸ್ಥಿತಿ ಅರಿತು ನೋಡುತ್ತೇವೆ, ಬಹುಪಾಲು ಅರ್ಜಿಗಳನ್ನು 30 ದಿನದೊಳಗೆ ತೀರ್ಮಾನಿಸುತ್ತೇವೆ ಎಂದು ಪ್ರಕಟಿಸಿತು. ದಂಪತಿಗಳನ್ನು ಅಗಲಿಸಿಡುವುದು ಸರಿಯಲ್ಲ ಎಂದು ಸರ್ಕಾರವೇ ಒಪ್ಪಿಕೊಂಡ ಮಾತು ಅದು. ಒಂದು ದೇಶಕ್ಕೆ ಸಾಧ್ಯವಾದದ್ದು ಉಳಿದ ದೇಶಗಳಿಗೂ ಸಾಧ್ಯ. ಬಾಕಿ ಇರುವ ವಲಸೆ ಅರ್ಜಿಯನ್ನು ಅನುಮಾನಕ್ಕೆ ಕಾರಣ ಎಂದು ನೋಡದೆ, ಈ ಮದುವೆ ನಿಜ, ಇವರು ನೇರ ದಾರಿಯಲ್ಲೇ ಬರುತ್ತಿದ್ದಾರೆ ಎಂಬುದಕ್ಕೆ ಸಾಕ್ಷಿ ಎಂದು ನೋಡಿದರೆ ಸಾಕು. ಕಳ್ಳದಾರಿ ಹಿಡಿಯುವವಳು ಸರ್ಕಾರಕ್ಕೆ ಮೊದಲೇ ಅರ್ಜಿ ಹಾಕಿ, ಶುಲ್ಕ ಕಟ್ಟಿ, ಬೆರಳಚ್ಚು ಕೊಟ್ಟು ಕಾಯುತ್ತ ಕೂರುವುದಿಲ್ಲ.

ಅಮೆರಿಕದ ಸಂದರ್ಶನದ ಕಥೆ ಬೇರೆ. ಬೆಂಗಳೂರಿನಲ್ಲಿ ಆ ದೇಶದ ಕಾನ್ಸುಲೇಟ್ 2025ರ ಜನವರಿ 17ರಂದು ಉದ್ಘಾಟನೆಯಾಯಿತು. ಆದರೆ ವೀಸಾ ಸಂದರ್ಶನ ಅವತ್ತು ಆರಂಭವಾಗಲಿಲ್ಲ. ನಮ್ಮವರು ಬಹುಕಾಲದಿಂದ ಹೋಗುತ್ತಿರುವುದು ಚೆನ್ನೈನ ಜೆಮಿನಿ ಸರ್ಕಲ್ ಬಳಿಯ ಕಚೇರಿಗೆ. 2022ರ ನವೆಂಬರಿನಲ್ಲಿ ದೆಹಲಿ, ಮುಂಬೈ, ಹೈದರಾಬಾದ್, ಚೆನ್ನೈ ಎಲ್ಲ ಕಡೆ ಮೊದಲ ಬಾರಿ ಪ್ರವಾಸಿ ವೀಸಾ ಕೇಳುವವರಿಗೆ 900 ದಿನಕ್ಕಿಂತ ದೂರದ ತಾರೀಖು ತೋರಿಸುತ್ತಿತ್ತು. ಆಮೇಲೆ ಅದು ಇಳಿಯಿತು. 185 ಡಾಲರ್ ಶುಲ್ಕ ಕಟ್ಟಿ, ಹಿರಿಯೂರಿನಿಂದ ಬೆಂಗಳೂರಿಗೆ, ಅಲ್ಲಿಂದ ರಾತ್ರಿ ಬಸ್ಸಿಗೆ ಚೆನ್ನೈಗೆ ಹೋಗಿ, ಬೆಳಗ್ಗೆ ಲಾಡ್ಜಿನಲ್ಲಿ ಸ್ನಾನ ಮಾಡಿ ಸಾಲಿನಲ್ಲಿ ನಿಂತವಳಿಗೆ ಗಾಜಿನಾಚೆಯ ಅಧಿಕಾರಿ ಕೊಡುವ ಹೊತ್ತು ಎರಡು ಮೂರು ನಿಮಿಷ. ಗಂಡ ಏನು ಮಾಡುತ್ತಾನೆ, ಯಾವಾಗ ಮದುವೆ, ಯಾಕೆ ಹೋಗುತ್ತೀಯ, ಯಾವಾಗ ಬರುತ್ತೀಯ. ಕಾಗದ ನೋಡಿದರೆ ನೋಡಿದರು, ಇಲ್ಲವಾದರೆ ಇಲ್ಲ. 214(ಬಿ) ಅಡಿ ನಿರಾಕರಿಸಿದರೆ ಮೇಲ್ಮನವಿ ಇಲ್ಲ. ಮತ್ತೆ ಶುಲ್ಕ ಕಟ್ಟಿ ಹೊಸದಾಗಿ ಅರ್ಜಿ ಹಾಕಬೇಕು.

ಇಷ್ಟಾಗಿಯೂ ಹೋಗಿ ಬಂದವರಿದ್ದಾರೆ. ಅವರನ್ನು ಮಾತಾಡಿಸಿದರೆ ಎಲ್ಲರದೂ ಬಹುಮಟ್ಟಿಗೆ ಒಂದೇ ಬಗೆಯ ಅನುಭವ. ವಲಸೆ ಅರ್ಜಿಯ ವಿಷಯ ಮುಚ್ಚಿಡದೆ ಮೊದಲೇ ಹೇಳಿದವರು. ‘ಆರು ತಿಂಗಳು ಇರ್ತೀನಿ’ ಎನ್ನದೆ ಆರು ವಾರ ಕೇಳಿದವರು. ಕಾಲೇಜು ಶುರುವಾಗುವ ದಿನ, ಬ್ಯಾಂಕಿನ ರಜೆ ಮುಗಿಯುವ ದಿನ, ತಂಗಿಯ ಮದುವೆ, ಹೀಗೆ ವಾಪಸು ಬರಲೇಬೇಕಾದ ತಾರೀಖು ಇದ್ದವರು. ಮದುವೆಯಾದ ಮೇಲೂ ನೌಕರಿ ಬಿಡದವರು. ಹೊಳಲ್ಕೆರೆಯ ಕಡೆಯ ಒಬ್ಬಾಕೆ ಸಹಕಾರ ಬ್ಯಾಂಕಿನ ಗುಮಾಸ್ತೆ. ಮ್ಯಾನೇಜರ್ ಬರೆದುಕೊಟ್ಟ ರಜೆ ಮಂಜೂರಾತಿ ಪತ್ರದಲ್ಲಿ ಇಂಥ ದಿನ ಕೆಲಸಕ್ಕೆ ಹಾಜರಾಗತಕ್ಕದ್ದು ಎಂದಿತ್ತು. “ಆ ಕಾಗದ ಒಂದೇ ಸಾರ್ ಅವರು ತಿರುಗಿಸಿ ನೋಡಿದ್ದು” ಎಂದರು ಆಕೆ. ಅತ್ತೆ ಮನೆಯಲ್ಲಿ ನೌಕರಿ ಬಿಡು ಎಂದಾಗ ಹಟ ಹಿಡಿದು ಉಳಿಸಿಕೊಂಡಿದ್ದರಂತೆ. ಕೆನಡಾದ ಅರ್ಜಿಯಾದರೆ 22(2) ಸೆಕ್ಷನ್ ಹೆಸರೆತ್ತಿ, ನಮ್ಮ ಶಾಶ್ವತ ವಾಸದ ಅರ್ಜಿ ಇಂಥ ಹಂತದಲ್ಲಿದೆ, ಅದಕ್ಕೆ ಧಕ್ಕೆ ತರುವ ಕೆಲಸ ನಾವು ಮಾಡುವುದಿಲ್ಲ ಎಂದು ಗಂಡ ಹೆಂಡತಿ ಇಬ್ಬರೂ ಸಹಿ ಮಾಡಿದ ಪತ್ರ ಇಡುವುದು ಒಳ್ಳೆಯದು. ನಿರಾಕರಿಸಿದರೆ ಅಧಿಕಾರಿ ಕಡತದಲ್ಲಿ ಬರೆದ ಟಿಪ್ಪಣಿಯನ್ನು ಅಲ್ಲಿನ ಮಾಹಿತಿ ಹಕ್ಕಿನ ಕಾನೂನಿನಡಿ 5 ಡಾಲರ್ ಕಟ್ಟಿ ತರಿಸಿಕೊಳ್ಳಬಹುದು. ಅದನ್ನು ಓದದೆ ಮರು ಅರ್ಜಿ ಹಾಕುವುದು ಕಣ್ಣು ಕಟ್ಟಿಕೊಂಡು ನಡೆದಂತೆ. ಸಂಗಾತಿ ಅಲ್ಲಿನ ಖಾಯಂ ನಿವಾಸಿಯಾಗಿದ್ದರೆ ಆ ಟಿಪ್ಪಣಿ ತರಿಸಲು ಅವನೇ ಅಲ್ಲಿಂದ ಅರ್ಜಿ ಹಾಕಬಹುದು. ವಿದೇಶದಲ್ಲಿ ಆದ ನಿರಾಕರಣೆಯನ್ನು ಫೆಡರಲ್ ಕೋರ್ಟಿನಲ್ಲಿ ಪ್ರಶ್ನಿಸಲು 60 ದಿನದ ಗಡುವಿದೆ.

ಸಣ್ಣದೆಂದು ಕಾಣುವ ಇನ್ನೊಂದು ವಿಷಯ ಹೆಸರು. ನಮ್ಮಲ್ಲಿ ಊರಿನ ಅಕ್ಷರ, ಅಪ್ಪನ ಅಕ್ಷರ ಸೇರಿಸಿ ಇನಿಷಿಯಲ್ ಬರೆದು ಬಿಡುತ್ತೇವೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು, ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಮತ್ತೊಂದು, ಮದುವೆ ನೋಂದಣಿಯಲ್ಲಿ ಗಂಡನ ಹೆಸರು ಅಂಟಿಸಿ ಮಗದೊಂದು. ನಾಲ್ಕೂ ಒಬ್ಬಳೇ ಎಂದು ನಂಬಿಸಲು ಅಫಿಡವಿಟ್ ಬೇಕಾಗುತ್ತದೆ. ಮದುವೆ ನೋಂದಣಿ ಮಾಡಿಸುವ ದಿನವೇ ಪಾಸ್‌ಪೋರ್ಟ್ ಎದುರಿಗಿಟ್ಟುಕೊಂಡು ಅಕ್ಷರಕ್ಕೆ ಅಕ್ಷರ ಹೋಲಿಸಿ ಬರೆಸಿದರೆ ತಿಂಗಳುಗಳು ಉಳಿಯುತ್ತವೆ.

ಹುಡುಗನೇ ಬಂದು ಹೋಗಬಾರದೇ ಎಂದು ಹಿರಿಯರು ಕೇಳುತ್ತಾರೆ. ಗ್ರೀನ್ ಕಾರ್ಡ್ ಬಂದವನು ಬರಬಹುದು, ರಜೆ ಸಿಕ್ಕರೆ. ಗ್ರೀನ್ ಕಾರ್ಡ್ ಅರ್ಜಿ ಅಲ್ಲೇ ಬಾಕಿ ಇರುವವನು, ಎಚ್-1ಬಿಯಂಥ ವೀಸಾದ ಆಸರೆ ಇಲ್ಲದಿದ್ದರೆ, ಅಡ್ವಾನ್ಸ್ ಪರೋಲ್ ಎಂಬ ಮುಂಗಡ ಅನುಮತಿ ಪಡೆಯದೆ ದೇಶ ಬಿಟ್ಟ ಕ್ಷಣ ಅವನ ಅರ್ಜಿ ಬಿದ್ದುಹೋಗುತ್ತದೆ. ಎಚ್-1ಬಿ ಇದ್ದವನಿಗೂ ಪಾಸ್‌ಪೋರ್ಟಿನ ವೀಸಾ ಮುಗಿದಿದ್ದರೆ ಇಲ್ಲಿ ಮತ್ತೆ ಸ್ಟಾಂಪಿಂಗ್ ಮಾಡಿಸಿಕೊಂಡೇ ಹೋಗಬೇಕು. ತಾರೀಖು ಸಿಗದಿದ್ದರೆ ಕೆಲಸವೇ ಹೋದೀತು ಎಂಬ ಭಯ. 2020ರ ಮಾರ್ಚ್‌ನಲ್ಲಿ ವಿಮಾನಗಳು ನಿಂತು, ಜೂನ್‌ನಲ್ಲಿ ಅಮೆರಿಕ ಹೊಸದಾಗಿ ಎಚ್-1ಬಿ, ಎಚ್-4 ವೀಸಾ ಬೇಕಾದವರ ಪ್ರವೇಶವನ್ನೇ ತಡೆದು, ಆ ತಡೆಯನ್ನು 2021ರ ಮಾರ್ಚ್ ಕೊನೆಯವರೆಗೆ ಮುಂದುವರಿಸಿದಾಗ, ಅಪ್ಪ ಅಮ್ಮನನ್ನು ನೋಡಲು ಬಂದು ಇಲ್ಲೇ ಸಿಕ್ಕಿಕೊಂಡವರನ್ನು, ಹೆಂಡತಿಯನ್ನು ಇಲ್ಲಿ ಬಿಟ್ಟು ಅಲ್ಲಿ ಸಿಕ್ಕಿಕೊಂಡವರನ್ನು ನಮ್ಮ ಊರುಗಳೂ ಕಂಡಿವೆ. ಆ ಭಯ ಇನ್ನೂ ಹೋಗಿಲ್ಲ. ಅದಕ್ಕೇ ಈಗ ಕೆಲವು ಜೋಡಿಗಳು ಮಧ್ಯದ ದೇಶದಲ್ಲಿ ಭೇಟಿಯಾಗುತ್ತಾರೆ. ಥಾಯ್ಲೆಂಡ್ 2023ರ ನವೆಂಬರಿನಲ್ಲಿ ಭಾರತೀಯರಿಗೆ ವೀಸಾ ಬೇಡವೆಂದ ಮೇಲೆ ಬ್ಯಾಂಕಾಕ್‌ನಲ್ಲಿ ಹತ್ತು ದಿನ, ದುಬೈನಲ್ಲಿ ಒಂದು ವಾರ. ದುಡ್ಡಿದ್ದವರ ಮಾತು ಇದು, ನಿಜ. ಸಾಲದಲ್ಲಿ ಮದುವೆ ಮಾಡಿದ ಮನೆಗಳಲ್ಲಿ ಅದಕ್ಕೂ ದಾರಿಯಿಲ್ಲ.

ಮಾರಿಕಣಿವೆ 1933ರ ನಂತರ ಮೊದಲ ಬಾರಿಗೆ 2022ರ ಸೆಪ್ಟೆಂಬರಿನಲ್ಲಿ ಕೋಡಿ ಬಿತ್ತು. 89 ವರ್ಷ ಕಾದ ನೀರು ನೋಡಲು ನಾಲ್ಕು ತಾಲ್ಲೂಕಿನ ಜನ ಕಣಿವೆ ಮಾರಮ್ಮನ ಗುಡಿಯ ಕಡೆ ಮುಗಿಬಿದ್ದಿದ್ದರು. ಆ ಗದ್ದಲದಲ್ಲಿ ಒಬ್ಬ ಹುಡುಗಿ ಫೋನನ್ನು ಎತ್ತಿ ಹಿಡಿದು ಗಂಡನಿಗೆ ಕೋಡಿ ತೋರಿಸುತ್ತಿದ್ದಳು. ಅವನಿದ್ದ ಕಡೆ ನಡುರಾತ್ರಿ ಕಳೆದಿತ್ತು. ಅವನು ಕೆಳಗೆ ತೋರಿಸು, ಆ ಕಡೆ ತೋರಿಸು, ನಮ್ಮ ತೋಟದ ಕಡೆ ಎಷ್ಟು ಬಂದಿದೆ ನೋಡು ಎನ್ನುತ್ತಿದ್ದ. ಅವಳು ಹೇಳಿದ ಕಡೆಗೆಲ್ಲ ಫೋನು ತಿರುಗಿಸಿದಳು. ಕೊನೆಗೆ ತನ್ನ ಕಡೆಗೆ ತಿರುಗಿಸಿಕೊಂಡು, “ನಾನೂ ಇಲ್ಲೇ ಇದೀನಿ ರೀ, ನನ್ನೂ ಒಂದ್ಸಲ ನೋಡ್ರಿ” ಎಂದಳು. ಪಕ್ಕದಲ್ಲಿದ್ದವರು ನಕ್ಕರು. ಅವಳು ನಗಲಿಲ್ಲ.

ಹೋಗುವುದಕ್ಕಿಂತ ಬರುವುದು ಕಷ್ಟ ಎನ್ನುತ್ತಾರೆ ಹೋಗಿ ಬಂದವರು. ವೀಸಾ ಕೈಯಲ್ಲಿದ್ದರೂ ವಿಮಾನ ನಿಲ್ದಾಣದ ಅಧಿಕಾರಿ ಒಳಗೆ ಬಿಡುವ ಖಾತ್ರಿಯಿಲ್ಲ. ಬಿಟ್ಟ ಮೇಲೆ ಎಷ್ಟು ದಿನ ಇರಬಹುದೆಂಬುದನ್ನು ನಿರ್ಧರಿಸುವವನೂ ಅವನೇ. ಅಮೆರಿಕದಲ್ಲಿ ಆ ತಾರೀಖು ಐ-94 ಎಂಬ ಪ್ರವೇಶ ದಾಖಲೆಯಲ್ಲಿ ಸೇರುತ್ತದೆ. ಅದನ್ನು ಮೀರಿ 180 ದಿನ ದಾಟಿಸಿ ಹೊರಬಂದರೆ ಮೂರು ವರ್ಷ, ಒಂದು ವರ್ಷ ದಾಟಿಸಿದರೆ ಹತ್ತು ವರ್ಷ ಮರುಪ್ರವೇಶವಿಲ್ಲ. ಆಸ್ಟ್ರೇಲಿಯಾದ ಪ್ರವಾಸಿ ವೀಸಾಕ್ಕೆ 8503 ಎಂಬ ಷರತ್ತು ಅಂಟಿಸಿದ್ದರೆ ಅಲ್ಲಿದ್ದುಕೊಂಡು ಮುಂದಿನ ವೀಸಾ ಕೇಳುವುದೂ ಆಗದು. ಇನ್ನೊಂದು ತಿಂಗಳು ಇದ್ದುಬಿಡೋಣ ಎನಿಸುವ ಹೊತ್ತಿನಲ್ಲಿ, ಹೇಳಿದ ದಿನಕ್ಕೆ ಬ್ಯಾಗು ಕಟ್ಟಿ ಹೊರಡುವುದಕ್ಕೆ ಗಟ್ಟಿ ಮನಸ್ಸು ಬೇಕು. ಹಾಗೆ ಬಂದವಳ ಪಾಸ್‌ಪೋರ್ಟಿನಲ್ಲಿ ಬೀಳುವ ಮರುಪ್ರಯಾಣದ ಮುದ್ರೆಯೇ ಮುಂದಿನ ಅರ್ಜಿಗೆ ದೊಡ್ಡ ದಾಖಲೆ.

ಊರಿನಲ್ಲಿ ಅದಕ್ಕೆ ಬೇರೆ ಅರ್ಥ ಹುಟ್ಟುತ್ತದೆ. ಗಂಡನ ಹತ್ತಿರ ಹೋದವಳು ಒಂದೂವರೆ ತಿಂಗಳಿಗೇ ಬಂದಳಲ್ಲ, ಏನಾಯಿತು, ಹೊಂದಾಣಿಕೆ ಆಗಲಿಲ್ಲವೇ, ಕಳಿಸಿಬಿಟ್ಟನೇ? ಬಾಯಿಗೆ ಬಂದಂತೆ ಮಾತು. ಹೊಳಲ್ಕೆರೆಯ ಆ ಬ್ಯಾಂಕಿನವರು ಹೇಳಿದ ದಿನಕ್ಕೆ ಬಂದು ಮಾರನೆಯ ದಿನ ಕೆಲಸಕ್ಕೆ ಹೊರಟಾಗ ಪಕ್ಕದ ಮನೆಯವರು ಅತ್ತೆಯನ್ನು ಹೀಗೇ ಕೇಳಿದರಂತೆ. ನೌಕರಿ ಬಿಡು ಎಂದು ಒಂದು ಕಾಲದಲ್ಲಿ ಹಟ ಹಿಡಿದಿದ್ದ ಅದೇ ಅತ್ತೆ ಅಂಗಳದಲ್ಲಿ ನಿಂತೇ ಉತ್ತರ ಕೊಟ್ಟರು: “ರಜ ಮುಗೀತು, ಬಂದ್ಲು. ಡ್ಯೂಟಿ ಐತೆ ಅವ್ಳಿಗೆ. ದೀಪಾವಳಿಗೆ ಮತ್ತೆ ಅರ್ಜಿ ಹಾಕ್ತಾಳೆ.”